ಪ್ರಯಾಣ ಖರ್ಚಿನ ಬಿಲ್

ಗ್ರಾಹಕರ ಕೆಲಸಕ್ಕೆ ಓಡಾಡಿದ ವಕೀಲರು, ಆಡಿಟರುಗಳು, ಎಂಜಿನಿಯರುಗಳು ತಮ್ಮ ಶುಲ್ಕದ ಮೇಲೆ ಪಡೆಯುವ ವೆಚ್ಚ. ಬೆಂಗಳೂರಿನಿಂದ ಹೊರಟು ಒಂದೇ ದಿನ ಮದ್ದೂರು, ಮಂಡ್ಯ, ಮಳವಳ್ಳಿಗಳಲ್ಲಿ ಮೂವರು ಗ್ರಾಹಕರನ್ನು ಕಂಡು, ಮೂವರ ಬಿಲ್ಲಿಗೂ ಪೂರ್ತಿ ಕಾರುಬಾಡಿಗೆ ಹಾಕುವುದೇ ಇಲ್ಲಿನ ಮುಖ್ಯ ತಕರಾರು. ಡೀಸೆಲ್ ಸುಟ್ಟದ್ದು ಒಂದೇ ಸಲ. ಮದ್ದೂರು, ಮಂಡ್ಯ ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ಇವೆ. ಮಳವಳ್ಳಿಯ ಸುತ್ತು ಮಳವಳ್ಳಿಯವರದೇ ಲೆಕ್ಕ. ಬಿಡದಿ ಬಳಿಯ ಟೋಲನ್ನು ಮೂವರಿಗೂ ಹಂಚಬಹುದು. ಮಂಡ್ಯ ದಾಟಿದ ಮೇಲೆ ಸಿಗುವ ಗಣಂಗೂರು ಟೋಲಿನ ರಸೀದಿ ಲಗತ್ತಾಗಿದ್ದರೆ ವಿವರಣೆ ಕೇಳುವುದು ತಪ್ಪಲ್ಲ. ಮದ್ದೂರು ವಡೆಯ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಜಿಎಸ್‌ಟಿಯಲ್ಲಿ, ಸೇವೆ ಕೊಡಲು ಮಾಡಿದ ಸ್ವಂತ ಪ್ರಯಾಣದ ಖರ್ಚು ಸಾಮಾನ್ಯವಾಗಿ ಸೇವೆಯ ಮೌಲ್ಯಕ್ಕೇ ಸೇರುತ್ತದೆ. ಗ್ರಾಹಕರ ಪರವಾಗಿ ‘ಪ್ಯೂರ್ ಏಜೆಂಟ್’ ಆಗಿ ಕಟ್ಟಿದ ಹಣವನ್ನಷ್ಟೇ 2017ರ ನಿಯಮಾವಳಿಯ 33ನೇ ನಿಯಮ ಹೊರಗಿಡುತ್ತದೆ.