ದಕ್ಷಿಣ ಆಫ್ರಿಕಾದ ರಗ್ಬಿ: ತಂಡ ಮತ್ತು ಎದುರಾಳಿಗಳು

ರಗ್ಬಿ ವಿಶ್ವಕಪ್ಪನ್ನು ಅತಿ ಹೆಚ್ಚು ಬಾರಿ ಗೆದ್ದ ದೇಶ ದಕ್ಷಿಣ ಆಫ್ರಿಕಾ. 1995, 2007, 2019 ಮತ್ತು 2023ರಲ್ಲಿ ಅದು ವಿಜಯಿಯಾಗಿದೆ. ನ್ಯೂಜಿಲೆಂಡ್ ಮೂರು ಬಾರಿ, ಆಸ್ಟ್ರೇಲಿಯಾ ಎರಡು ಬಾರಿ, ಇಂಗ್ಲೆಂಡ್ ಒಮ್ಮೆ ಗೆದ್ದಿವೆ. ‘ಸ್ಪ್ರಿಂಗ್‌ಬಾಕ್’ ಎಂಬ ಜಿಂಕೆಯ ಹೆಸರೇ ಈ ತಂಡದ ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದ ಈ ಆಟವನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ಪರಿಚಯಿಸುತ್ತಿದ್ದೇವೆ.

ಆಟದ ಕ್ರಮ

ಪ್ರತಿ ತಂಡದಲ್ಲಿ 15 ಆಟಗಾರರು. ಅವಧಿ 80 ನಿಮಿಷ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿದರೆ ಅದು ‘ಟ್ರೈ’. ಅದಕ್ಕೆ 5 ಅಂಕ. ಪೆನಾಲ್ಟಿ ಒದೆತಕ್ಕೆ 3 ಅಂಕ.

ಎದುರಾಳಿಗಳು

ನ್ಯೂಜಿಲೆಂಡಿನ ‘ಆಲ್ ಬ್ಲ್ಯಾಕ್ಸ್’ ತಂಡದೊಡನೆ ಪೈಪೋಟಿ 1921ರಿಂದ ನಡೆದಿದೆ. 2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 12-11ರಿಂದ ಗೆದ್ದಿತು. ಅದಕ್ಕೂ ಮುನ್ನ ಫ್ರಾನ್ಸ್ ಮತ್ತು ಇಂಗ್ಲೆಂಡನ್ನು ಮಣಿಸಿದ್ದೂ ತಲಾ ಒಂದೇ ಅಂಕದಿಂದ. 2025ರ ಸೆಪ್ಟೆಂಬರಿನಲ್ಲಿ ಆಕ್ಲೆಂಡಿನಲ್ಲಿ 17-24ರಿಂದ ಸೋತ ತಂಡ, ವಾರದ ಬಳಿಕ ವೆಲ್ಲಿಂಗ್ಟನ್‌ನಲ್ಲಿ 43-10ರಿಂದ ಗೆದ್ದಿತು. ಅದು ಆಲ್ ಬ್ಲ್ಯಾಕ್ಸ್ ಇತಿಹಾಸದ ಅತಿ ದೊಡ್ಡ ಸೋಲು. ರಾಸ್ಸಿ ಎರಾಸ್ಮಸ್ ಅವರ ತರಬೇತಿಯಲ್ಲಿ 2024 ಮತ್ತು 2025ರ ರಗ್ಬಿ ಚಾಂಪಿಯನ್‌ಷಿಪ್ ಎರಡೂ ದಕ್ಷಿಣ ಆಫ್ರಿಕಾದ ಪಾಲಾದವು. ಫ್ರಾನ್ಸ್ ಮತ್ತು ಐರ್ಲೆಂಡ್ ಯುರೋಪಿನ ಪ್ರಬಲ ಸ್ಪರ್ಧಿಗಳು.

ವರ್ಣಭೇದದ ನೆರಳು

ದೀರ್ಘಕಾಲ ಸ್ಪ್ರಿಂಗ್‌ಬಾಕ್ ತಂಡವು ಬಿಳಿಯರದ್ದೇ ಆಗಿತ್ತು. ವರ್ಣಭೇದ ನೀತಿಯ ಕಾರಣ 1987 ಮತ್ತು 1991ರ ವಿಶ್ವಕಪ್‌ಗಳಿಂದ ದೇಶವೇ ಹೊರಗುಳಿಯಬೇಕಾಯಿತು. 1995ರಲ್ಲಿ ಅಧ್ಯಕ್ಷ ನೆಲ್ಸನ್ ಮಂಡೇಲಾ ಅದೇ ತಂಡದ ಹಸಿರು ಅಂಗಿ ತೊಟ್ಟು ನಾಯಕ ಫ್ರಾಂಸ್ವಾ ಪಿನಾರ್ ಅವರಿಗೆ ಕಪ್ ನೀಡಿದರು. ಆದರೂ ಆ ಫೈನಲ್‌ನ ಆಡುವ ಹದಿನೈದರಲ್ಲಿ ಬಿಳಿಯರಲ್ಲದವರು ಚೆಸ್ಟರ್ ವಿಲಿಯಮ್ಸ್ ಒಬ್ಬರೇ.

ಭಾಷೆಯ ಹಾದಿ

2018ರಲ್ಲಿ ಸಿಯಾ ಕೊಲಿಸಿ ಟೆಸ್ಟ್ ತಂಡದ ಮೊದಲ ಕಪ್ಪುವರ್ಣೀಯ ನಾಯಕರಾದರು. 2019 ಮತ್ತು 2023ರ ಕಪ್‌ಗಳು ಅವರ ನಾಯಕತ್ವದಲ್ಲಿ ಬಂದವು. ಬಡ ಕುಟುಂಬದಲ್ಲಿ ಅಜ್ಜಿಯ ಆರೈಕೆಯಲ್ಲಿ ಬೆಳೆದ ಅವರ ಮನೆಮಾತು ಖೋಸಾ. ವಿದ್ಯಾರ್ಥಿವೇತನ ಪಡೆದು ದೊಡ್ಡ ಶಾಲೆಗೆ ಸೇರಿದಾಗ ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಅಲ್ಲಿಯೇ ಕಲಿತರು.

ಇಂದು ಪ್ರತಿ ಟೆಸ್ಟ್ ಪಂದ್ಯಕ್ಕೂ ಮುನ್ನ ಆಟಗಾರರು ಹಾಡುವ ರಾಷ್ಟ್ರಗೀತೆಯಲ್ಲಿ ಖೋಸಾ, ಜುಲು, ಸೆಸೊಥೊ, ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಎಂಬ ಐದು ಭಾಷೆಗಳಿವೆ. ಒಂದೇ ತಂಡವಾಗಲು ಒಂದೇ ಭಾಷೆಯಾಗಬೇಕಿಲ್ಲ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆಯಾಡುವ ಗಡಿನಾಡಿನ ನಮಗೆ ಇದು ಚೆನ್ನಾಗಿ ಅರ್ಥವಾಗುವ ಮಾತು.