ರೈಲೂ ಬಸ್ಸೂ ಒಂದೇ ಮನೆಯಲ್ಲಿದ್ದ ಕಾಲ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ... ಈ ನಾಲ್ಕೂ ಊರಿಗೆ ರೈಲಿದೆ. ನಮ್ಮ ಚಿಂಚೋಳಿಗಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ "ನಿಮ್ಮೂರಿಗೆ ಯಾವ ಟ್ರೈನು?" ಅಂತ ಕೇಳಿದರೆ ನನ್ನದು ಯಾವಾಗಲೂ ಎರಡು ಕಂತಿನ ಉತ್ತರ. ಕಲಬುರಗಿ ತನಕ ರೈಲು, ಅಲ್ಲಿಂದ ಬಸ್ಸು. ರೈಲು ತಡವಾದರೆ ಬಸ್ಸಿಗೆ ಅದರ ಸುದ್ದಿಯೇ ಇರುವುದಿಲ್ಲ. ಎರಡೂ ಬೇರೆ ಬೇರೆ ಸರ್ಕಾರದವು ನೋಡಿ.

ಆದರೆ ಒಂದು ಕಾಲಕ್ಕೆ ನಮ್ಮ ಭಾಗದಲ್ಲಿ ಇವೆರಡೂ ಒಂದೇ ಆಫೀಸಿನ ಕೈಯಲ್ಲಿದ್ದವು ಅಂದರೆ ನಂಬುತ್ತೀರಾ?

ಮುಂಬಯಿಯಿಂದ ಹೊರಟ ಜಿಐಪಿ ರೈಲ್ವೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿ, ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಹೈದರಾಬಾದ್ ಈ ದಾರಿಯಿಂದ ದೂರ ಉಳಿಯಿತು. ಅದಕ್ಕಾಗಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿಗೆ ಹಳಿ ಹಾಕಿ 1874ರಲ್ಲಿ ರೈಲು ಬಿಟ್ಟರು. ವಾಡಿ ಜಂಕ್ಷನ್ ಆದದ್ದು ಹೀಗೆ. ಚಿಂಚೋಳಿ ಆ ದಾರಿಯಲ್ಲಿ ಬರಲಿಲ್ಲ, ಅಷ್ಟೇ.

ಮುಂದೆ ಈ ರೈಲು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂಬ ಕಂಪನಿಯ ಪಾಲಾಯಿತು. 1930ರಲ್ಲಿ ನಿಜಾಮ್ ಸರ್ಕಾರ ಅದನ್ನು ಕೊಂಡುಕೊಂಡಿತು. ನನಗೆ ಇಷ್ಟವಾಗುವ ಭಾಗ ಇದರ ನಂತರದ್ದು. 1932ರ ಜೂನ್‌ನಲ್ಲಿ ಅದೇ ರೈಲ್ವೆಯೊಳಗೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸು, 166 ನೌಕರರೊಂದಿಗೆ ಶುರು ಮಾಡಿದರು. ದೇಶದಲ್ಲಿ ಸರ್ಕಾರವೇ ಬಸ್ಸು ಓಡಿಸಿದ ಮೊದಲ ಪ್ರಯತ್ನಗಳಲ್ಲಿ ಇದೊಂದು. ಮೈಸೂರಿನವರು ಸರ್ಕಾರಿ ಬಸ್ಸು ಬಿಟ್ಟದ್ದು 1948ರಲ್ಲಿ. (ಹಳೇ ಮೈಸೂರಿನ ಗೆಳೆಯರು ಬೇಜಾರಾಗಬೇಡಿ :) ) ಆಗ ಬೇರೆ ಊರುಗಳಲ್ಲಿ ಬಸ್ಸು ಬಂದರೆ ರೈಲಿನ ಗಿರಾಕಿ ಹೋದ ಅನ್ನುವ ಲೆಕ್ಕ ನಡೆಯುತ್ತಿತ್ತು. ಇಲ್ಲಿ ಎರಡರ ಗಲ್ಲಾಪೆಟ್ಟಿಗೆಯೂ ಒಂದೇ ಆದ್ದರಿಂದ ಜಗಳಕ್ಕೆ ಕಾರಣವೇ ಇರಲಿಲ್ಲ. ಅಂದ ಹಾಗೆ, ಆ ಬಸ್ಸುಗಳ ನಂಬರಿನಲ್ಲಿದ್ದ 'ಝಡ್' ಅಕ್ಷರ ನಿಜಾಮರ ತಾಯಿ ಝಹ್ರಾ ಬೇಗಂ ಹೆಸರಿನದು ಅನ್ನುವ ಕಥೆ ಹೈದರಾಬಾದಿನಲ್ಲಿ ಇಂದಿಗೂ ಹೇಳುತ್ತಾರೆ.

ಇದನ್ನೆಲ್ಲ ಓದಿ ನಿಜಾಮರ ಆಡಳಿತ ಚಿನ್ನದಂಥದ್ದು ಅಂತ ತಿಳಿಯಬೇಡಿ. ರಜಾಕಾರರ ಕಾಲ ಕಂಡ ನಮ್ಮ ಮುತ್ಯಾನ ವಾರಿಗೆಯವರನ್ನು ಕೇಳಿದರೆ ಬೇರೆಯೇ ಹೇಳುತ್ತಿದ್ದರು. ನಾನು ಹೇಳುತ್ತಿರುವುದು ಆ ಒಂದು ಏರ್ಪಾಟಿನ ಬಗ್ಗೆ ಮಾತ್ರ.

1951ರಲ್ಲಿ ಮನೆ ಒಡೆಯಿತು. ರೈಲು ಕೇಂದ್ರಕ್ಕೆ, ಬಸ್ಸು ಹೈದರಾಬಾದ್ ರಾಜ್ಯಕ್ಕೆ. 1956ರ ನವೆಂಬರ್ 1ರಂದು ಆ ರಾಜ್ಯವೇ ಮೂರು ಪಾಲಾಗಿ ನಾವು ಮೈಸೂರಿಗೆ ಬಂದೆವು, ನಮ್ಮ ಮಗ್ಗುಲಿನ ತಾಂಡೂರು ಆಂಧ್ರಕ್ಕೆ ಹೋಯಿತು. ಭಾಷೆಯ ಲೆಕ್ಕದಲ್ಲಿ ಅದು ಸರಿಯೇ. ಆದರೆ ಸಂತೆಗೆ, ಆಸ್ಪತ್ರೆಗೆ ಹೋಗುವ ದಾರಿ ಅಂತರರಾಜ್ಯ ಮಾರ್ಗವಾಗಿಬಿಟ್ಟಿತು. 1961ರಲ್ಲಿ ಮೈಸೂರು ಸಾರಿಗೆ ನಿಗಮ ಬಂತು, 2000ದಲ್ಲಿ ಕಲಬುರಗಿಯಲ್ಲೇ ಈಶಾನ್ಯ ಸಾರಿಗೆ, 2021ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆ ಅಂತ ಹೆಸರು.

ರೈಲಿನ ಕಡೆ ಇನ್ನೂ ಮಜಾ. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸೊಲ್ಲಾಪುರ ವಿಭಾಗವೂ ಅದರಲ್ಲಿತ್ತು. 1977ರಲ್ಲಿ ಆ ವಿಭಾಗ ಮಧ್ಯ ರೈಲ್ವೆಗೆ ವಾಪಸ್ಸಾಯಿತು. ಹಾಗಾಗಿ ಶಹಾಬಾದ, ವಾಡಿ ಮುಂಬಯಿಯ ಲೆಕ್ಕಕ್ಕೆ, ಪಕ್ಕದ ಚಿತ್ತಾಪುರ, ಸೇಡಂ ಸಿಕಂದರಾಬಾದಿನ ಲೆಕ್ಕಕ್ಕೆ. ಒಂದೇ ಜಿಲ್ಲೆಯ ಐದು ಊರಿನ ಓಡಾಟಕ್ಕೆ ಮೂರು ಕಡೆ ಯಜಮಾನರು! 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗ ಹತ್ತು ವರ್ಷ ಕಳೆದರೂ ಶುರುವಾಗಲಿಲ್ಲ. 2017ರಲ್ಲಿ ಬೀದರ್-ಕಲಬುರಗಿ ರೈಲು ಬಂತು, ಅದೂ ಹುಮನಾಬಾದ್, ಕಮಲಾಪುರದ ಮೇಲೆ.

ಹಳೆಯ ಹಾಗೆ ಎಲ್ಲವನ್ನೂ ಒಂದೇ ಇಲಾಖೆಗೆ ಸೇರಿಸಿ ಅನ್ನುವುದು ಹುಚ್ಚುತನ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲಿ ಬಸ್ಸು, ರೈಲು ಓಡಿಸುವವರೆಲ್ಲ ತಮ್ಮ ತಮ್ಮ ಸಂಸ್ಥೆ ಉಳಿಸಿಕೊಂಡೇ ವೇಳಾಪಟ್ಟಿಯನ್ನೂ ಟಿಕೆಟ್ಟನ್ನೂ ಒಂದು ಮಾಡಿಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೇಟಾಬೇಸ್‌ನ ಎರಡು ಟೇಬಲ್ ಜಾಯಿನ್ ಮಾಡುವ ಕೆಲಸ. ಸೇಡಂ ಸ್ಟೇಷನ್ನಿಗೆ ಬರುವ ಒಂದು ರೈಲಿಗೆ ಚಿಂಚೋಳಿಯ ಒಂದು ಬಸ್ಸನ್ನು ಹೊಂದಿಸಿದರೂ ಸಾಕು. 2023ರಿಂದ ನಮ್ಮೂರ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಇದೆ. ಅದು ರೈಲಿನ ಹೊತ್ತಿಗೆ ಬಂದರೆ ಸೇಡಂನಲ್ಲಿ ಟಂಟಂನವನ ಹತ್ತಿರ ಚೌಕಾಸಿ ಮಾಡುವುದಾದರೂ ತಪ್ಪುತ್ತದೆ.