ವೀರಬಾಹುಕನ ಮಕ್ಕಳು ಓದಿದ ಕಥೆಗಳು

ಮಕ್ಕಳ ಪುಸ್ತಕಗಳನ್ನು ವಿಮರ್ಶೆಯ ಕಟಕಟೆಗೆ ತರುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ನವೋದಯದವರು ಅವನ್ನು ಪ್ರೀತಿಯಿಂದ ಬರೆದರು, ನವ್ಯರು ಅತ್ತ ಹೆಚ್ಚು ತಿರುಗಲಿಲ್ಲ, ಬಂಡಾಯದ ನಾವು ದೊಡ್ಡವರ ಕಾವ್ಯಗಳ ಜೊತೆ ಗುದ್ದಾಡುವುದರಲ್ಲೇ ಇದ್ದೆವು. ಆದರೆ ಮನುಷ್ಯನ ಒಳಗೆ ಮೊದಲು ಇಳಿಯುವ ಸಾಹಿತ್ಯ ಪಂಪನದೂ ಅಲ್ಲ, ಅಡಿಗರದೂ ಅಲ್ಲ. ಮೂರನೇ ಕ್ಲಾಸಿನ ಪಾಠದ್ದು. ಜಾತಿಯೂ ಅಷ್ಟೇ, ಹತ್ತು ತುಂಬುವುದರೊಳಗೆ ಇಳಿದುಬಿಟ್ಟಿರುತ್ತದೆ. ಎರಡೂ ಒಂದೇ ವಯಸ್ಸಿನಲ್ಲಿ ಒಳಗೆ ಬಂದಾಗ ಒಂದು ಇನ್ನೊಂದಕ್ಕೆ ಏನು ಮಾಡುತ್ತದೆ? ಇದನ್ನು ಕೇಳುವುದು ದಲಿತ ವಿಮರ್ಶೆಯ ಕೆಲಸವೆಂದು ತಿಳಿದಿದ್ದೇನೆ.

ಆಧುನಿಕ ಕನ್ನಡದ ಮಕ್ಕಳ ಸಾಹಿತ್ಯ ಶುರುವಾದದ್ದು ಶಾಲೆಯ ಆಸುಪಾಸಿನಲ್ಲಿ. ಶಿಕ್ಷಣ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು (1874–1937) ಇಂಗ್ಲಿಷಿನ ಕಥೆಗಳನ್ನು ಕರಾವಳಿಯ ಮಣ್ಣಿಗೆ ತಂದರು. ಅವರೇ ತುಳು ಪಾಡ್ದನದ ಕೋಟಿ ಚೆನ್ನಯರನ್ನೂ ಕನ್ನಡ ಗದ್ಯಕ್ಕೆ ತಂದರು ಎಂಬುದನ್ನು ನಾವು ಮರೆಯಬಾರದು. ಬಿಲ್ಲವರ ಮನೆಯ ಅವಳಿ ಹುಡುಗರು ಮಾನಕ್ಕಾಗಿ ಬಲ್ಲಾಳನೆದುರು ನಿಲ್ಲುವ ಕಥೆ ಅದು. ಮುಂದೆ 1936ರಲ್ಲಿ ಕಾರಂತರ 'ಬಾಲಪ್ರಪಂಚ' ಬಂತು, ರಾಜರತ್ನಂ ಅವರ ಶಿಶುಗೀತೆಗಳು ಬಂದವು, 1949ರಲ್ಲಿ ಕನ್ನಡ 'ಚಂದಮಾಮ' ಬಂತು. ಓದುವ ಮಗು ಎಂದರೆ ಮನೆಯಲ್ಲಿ ದೀಪ, ಪುಸ್ತಕ, ಕಥೆ ಹೇಳಿ ಓದಿಸುವ ದೊಡ್ಡವರು ಇರುವ ಮಗು ಎಂಬ ನಂಬಿಕೆ ಈ ಎಲ್ಲದರ ಹಿಂದೆ ತಣ್ಣಗೆ ಕೂತಿತ್ತು. ಕೇರಿಯ ಮಗು ಈ ಪುಸ್ತಕಗಳನ್ನು ಓದಲಿಲ್ಲವೆಂದಲ್ಲ. ಓದಿತು. ಓದಿ ಏನು ಕಂಡುಕೊಂಡಿತು ಎಂಬುದು ಎಲ್ಲಿಯೂ ದಾಖಲಾಗಲಿಲ್ಲ.

ಕುವೆಂಪು ಅವರ ಕಿಂದರಿಜೋಗಿಯನ್ನೇ ತಗೊಳ್ಳಿ. ಮೂಲ ಬ್ರೌನಿಂಗನದು ಎಂದು ಹೇಳಿ ಮುಗಿಸುತ್ತೇವೆ. ಆದರೆ ಕನ್ನಡಕ್ಕೆ ಬರುವಾಗ ಆ ಕೊಳಲುಗಾರ ಊರೂರು ಅಲೆಯುವ ಜೋಗಿಯಾದ. ಮಾತು ಕೊಟ್ಟು ತಪ್ಪಿದವನು ಊರಿನ ಗೌಡನಾದ. ಈ ಬದಲಾವಣೆ ಸಣ್ಣದಲ್ಲ. ಊರಿನ ಹೊಲಸನ್ನು ತೆಗೆದವನಿಗೆ ಕೂಲಿ ಕೊಡಬೇಕಾದ ಹೊತ್ತಿಗೆ ಊರು ನಗುತ್ತದೆ. ಇದು ಅದ್ಭುತ ಕಥೆಯಲ್ಲ, ಬಿಟ್ಟಿ ಚಾಕರಿಯ ಕಥೆ. ಕೇರಿಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲಿಗಳ ಬಣ್ಣ, ಗಾತ್ರ, ಕುಣಿತ ಎಂದು ಬೇರೆ ಮಕ್ಕಳು ಕೇಕೆ ಹಾಕುವಾಗ, 'ದುಡ್ಡು ಕೊಡ್ಲಿಲ್ವಲ್ಲ' ಎಂಬಲ್ಲಿ ಅವರು ನಿಂತಿರುತ್ತಾರೆ. ಮೆರವಣಿಗೆಯ ಜೊತೆ ಓಡಲಾರದೆ ಹಿಂದುಳಿದ ಕುಂಟ ಹುಡುಗ ನನಗೆ ಇವತ್ತಿಗೂ ಕನ್ನಡ ಮಕ್ಕಳ ಸಾಹಿತ್ಯದ ಬಹು ದೊಡ್ಡ ಪಾತ್ರ.

ಪುಣ್ಯಕೋಟಿಯ ವಿಚಾರ ಬೇರೆ. ಗೋವಿನ ಹಾಡು ಕೇಳಿ ಅಳದ ಮಗು ಕನ್ನಡದಲ್ಲಿ ಇಲ್ಲ, ನಾವೂ ಅತ್ತವರೇ. ಕೊಟ್ಟ ಮಾತಿಗೆ ನಿಂತ ತಾಯಿಯನ್ನು ಯಾರು ತಾನೆ ಹಳಿದಾರು? ನನ್ನ ಪ್ರಶ್ನೆ ಹುಲಿಯದು. ಅರ್ಬುತ ಹಸಿದಿತ್ತು. ಹುಲಿ ತಿನ್ನುವುದನ್ನೇ ಅದು ತಿನ್ನಲು ಹೊರಟಿತ್ತು. ಕಡೆಗೆ ತನ್ನ ಆಹಾರಕ್ಕೆ ತಾನೇ ನಾಚಿ ಪ್ರಾಣ ಬಿಟ್ಟಿತು. ಉಣ್ಣುವ ಅನ್ನಕ್ಕೆ ನಾಚಿಕೆಪಡುವುದನ್ನು ಮಗುವಿಗೆ ಕಲಿಸುವ ಮೊದಲ ಪಾಠ ಇದು. ಬುತ್ತಿಯಲ್ಲಿ ಏನಿದೆಯೆಂದು ಪಕ್ಕದವನು ಇಣುಕಿದಾಗ ಕೈಯಿಂದ ಮುಚ್ಚಿಕೊಂಡವರಿಗೆ ಆ ಹುಲಿಯ ಸಾವು ಬೇರೆ ಥರ ಅರ್ಥವಾಗುತ್ತದೆ. ಇನ್ನೊಂದು ಮಾತು: ಪುಣ್ಯಕೋಟಿಯೂ ಒಂದು ದಿನ ಮುದಿಯಾಗಿ ಸತ್ತಿರಲೇಬೇಕು. ಆ ದಿನ ಕಾಳಿಂಗಗೊಲ್ಲ ಯಾರಿಗೆ ಹೇಳಿಕಳಿಸಿದ ಎಂಬುದು ಹಾಡಿನಲ್ಲಿಲ್ಲ.

ಹರಿಶ್ಚಂದ್ರನದು ಇದಕ್ಕಿಂತ ಗಟ್ಟಿಯಾದ ಉದಾಹರಣೆ. ಬಾಲ್ಯದಲ್ಲಿ ನೋಡಿದ ಹರಿಶ್ಚಂದ್ರ ನಾಟಕ ತನ್ನನ್ನು ಹಿಡಿದು ಅಲ್ಲಾಡಿಸಿತೆಂದು ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕನ್ನಡದ ಮಕ್ಕಳಿಗೂ ಆತ ಸತ್ಯದ ಇನ್ನೊಂದು ಹೆಸರು. ಆದರೆ 13ನೇ ಶತಮಾನದ ರಾಘವಾಂಕನ ಕಾವ್ಯದಲ್ಲಿ ಕಥೆಯ ಕೀಲು ಇರುವುದು ಬೇರೆ ಕಡೆ. ವಿಶ್ವಾಮಿತ್ರ ಸೃಷ್ಟಿಸಿದ ಇಬ್ಬರು ಹೊಲತಿಯರು ರಾಜನೆದುರು ಹಾಡುತ್ತಾರೆ. ಅವನು ಮೆಚ್ಚುತ್ತಾನೆ. ಅವರು ಮೊದಲು ಬಿಳಿ ಕೊಡೆಯನ್ನು ಕೇಳುತ್ತಾರೆ, ಆಮೇಲೆ ಮದುವೆಯಾಗು ಎನ್ನುತ್ತಾರೆ. ಕುಲದ ಮಾತೆತ್ತಿ ಅವನು ಒಲ್ಲೆನೆಂದಾಗ ಆ ಹೆಣ್ಣುಮಕ್ಕಳು ವಾದಕ್ಕೆ ನಿಲ್ಲುತ್ತಾರೆ: ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮ ರೂಪನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟುವ ಮೈಗೆ ಮಾತ್ರ ಹೇಗೆ ಬಂತು? ಅರಸನ ಹತ್ತಿರ ಸರಿಯಾದ ಉತ್ತರವಿಲ್ಲ. ರಾಜ್ಯ ಕಳೆದುಕೊಳ್ಳುವುದಕ್ಕೂ ಅವನು ಸಿದ್ಧ, ಇದಕ್ಕೆ ಸಿದ್ಧನಲ್ಲ.

ನನಗೆ ಸಿಕ್ಕ ಮಕ್ಕಳ ಆವೃತ್ತಿಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಸುಡುಗಾಡು ಇತ್ತು, ವೀರಬಾಹುಕ ಇದ್ದ. ರಾಜನೊಬ್ಬ ಹೊಲೆಯನ ಆಳಾಗುವುದೇ ದುಃಖದ ತುತ್ತತುದಿ ಎಂಬ ಧಾಟಿ ಹಾಗೇ ಉಳಿದಿತ್ತು. ಜಾತಿಯ ಬಗ್ಗೆ ಕಾವ್ಯ ಎತ್ತಿದ ಪ್ರಶ್ನೆ ಮಕ್ಕಳಿಗೆ ಬೇಡವಾಯಿತು, ಜಾತಿಯ ಅವಮಾನ ಬೇಕಾಯಿತು. ನಮ್ಮ ಶಾಲೆಯಲ್ಲಿ ಆ ಪಾಠ ನಡೆದ ದಿನ ಇಡೀ ಕ್ಲಾಸು ಹಿಂದಿನ ಸಾಲಿನ ಕಡೆ ತಿರುಗಿ ನೋಡಿತು. ನಮ್ಮಜ್ಜ ಊರಿನ ಹೆಣ ಸುಡುವ ಜಾಗ ಕಾಯುತ್ತಿದ್ದವನು. ರಾಜ ಸುಡುಗಾಡು ಕಾದ ಕಥೆಯನ್ನು ಸಂಜೆ ಅವನಿಗೆ ಓದಿ ಹೇಳಿದೆ. ಬೀಡಿ ಕಚ್ಚಿಕೊಂಡು ಪೂರ್ತಿ ಕೇಳಿದ. 'ಅವಂಗೆ ನಾಕು ದಿನದ್ದು ಕಣ್ಲಾ, ಅದ್ಕೇ ಕತೆ ಆಯ್ತು' ಅಂದ. ಇದಕ್ಕಿಂತ ದೊಡ್ಡ ವಿಮರ್ಶಾ ವಾಕ್ಯವನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಿಲ್ಲ.

ಏಕಲವ್ಯನಿಗೂ ಇದೇ ಗತಿ. ಹೆಬ್ಬೆರಳು ಕತ್ತರಿಸಿ ಕೊಟ್ಟದ್ದನ್ನು ಗುರುಭಕ್ತಿ ಎಂದು ಪಾಠಗಳು ಹೊಗಳುತ್ತವೆ. ಕೇಳಿದವನ ಕೈಗೆ ರಕ್ತ ಅಂಟಿತೋ ಇಲ್ಲವೋ ಎಂದು ಕೇಳುವುದಿಲ್ಲ. ಕುವೆಂಪು 'ಶೂದ್ರತಪಸ್ವಿ' (1944), 'ಬೆರಳ್‌ಗೆ ಕೊರಳ್' (1947) ನಾಟಕಗಳಲ್ಲಿ ಪುರಾಣವನ್ನು ತಿರುವಿ ನೋಡಿದರು. ಆದರೆ ಆ ಭಾಷೆ ದೊಡ್ಡವರಿಗೇ ಕಠಿಣ. ಮಕ್ಕಳ ತನಕ ಆ ಕೋಪ ಇಳಿಯಲಿಲ್ಲ.

ಹಾಗಾದರೆ ನಮ್ಮ ಮಗು ಯಾವ ಪುಸ್ತಕದಲ್ಲಿದೆ? ಅಂಬೇಡ್ಕರ್ ಬರೆದಿಟ್ಟ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಒಂದು ಮಗು ಇದೆ. 1901ರ ಬೇಸಿಗೆ. ಹೊಸ ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಪಂಚೆ ತೊಟ್ಟು ಹುಡುಗರು ಸತಾರದಿಂದ ತಂದೆ ಇದ್ದ ಊರಿಗೆ ರೈಲಿನಲ್ಲಿ ಹೊರಡುತ್ತಾರೆ. ಮಸೂರಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಕ್ಕರೆಯಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರ, ಮಹಾರರೆಂದು ತಿಳಿದ ಕೂಡಲೇ ಮುಖ ತಿರುಗಿಸುತ್ತಾನೆ. ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದರೂ ಗಾಡಿ ಹುಡುಗರೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆಯುತ್ತಾನೆ. ಬುಟ್ಟಿಯಲ್ಲಿ ಊಟವಿದೆ, ಕುಡಿಯಲು ನೀರಿಲ್ಲ, ಹಸಿದೇ ಮಲಗುತ್ತಾರೆ. ಪ್ರಯಾಣ, ಕತ್ತಲು, ಭಯ, ಹೊಸ ಬಟ್ಟೆ: ಮಕ್ಕಳ ಕಥೆಗೆ ಬೇಕಾದದ್ದೆಲ್ಲ ಇಲ್ಲಿದೆ. 1990ರಲ್ಲಿ ಇದು ಪುಸ್ತಿಕೆಯಾಗಿ ಬಂತು. 2011ರಲ್ಲಿ ಗೋಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಇದನ್ನು 'ಭೀಮಾಯಣ'ದಲ್ಲಿ ಚಿತ್ರವಾಗಿಸಿದರು.

ಕನ್ನಡದಲ್ಲಿ ಕೇರಿಯ ಬಾಲ್ಯ ಬರಲಿಲ್ಲವೆಂದು ಹೇಳುವ ಹಾಗಿಲ್ಲ. ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರಲ್ಲಿ ಒಬ್ಬ ತನ್ನಪ್ಪನೆಂದು ಗುರುತಿಸಿದ ಹುಡುಗನನ್ನು ಸಿದ್ಧಲಿಂಗಯ್ಯ 'ಊರುಕೇರಿ'ಯಲ್ಲಿ ತಂದರು. ದೇವನೂರರ 'ಒಡಲಾಳ'ದಲ್ಲಿ ಕದ್ದ ಕಡಲೆಕಾಯಿಯನ್ನು ರಾತ್ರೋರಾತ್ರಿ ತಿಂದು ಮುಗಿಸುವ ಸಾಕವ್ವನ ಮನೆಯಲ್ಲಿ ಮಕ್ಕಳೂ ಇದ್ದಾರೆ. ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಇದೆ. ಆದರೆ ಇವೆಲ್ಲ ದೊಡ್ಡವರು ದೊಡ್ಡವರಿಗಾಗಿ ಬರೆದದ್ದು. ಅತ್ತ ತೆಲುಗಿನ ಗೋಗು ಶ್ಯಾಮಲಾ ಅಂಥವರು ಮಕ್ಕಳಿಗೇ ಬರೆದರು. ಹೈದರಾಬಾದಿನ ಅನ್ವೇಷಿ ಸಂಸ್ಥೆ 2008ರಲ್ಲಿ ಅಂಥ ಕಥೆಗಳ ಮಾಲೆಯನ್ನೇ ತಂದಿತು. ಅದರಲ್ಲಿ ಹೊಲಕ್ಕೆ ನೀರು ಕಟ್ಟಲು ಹೋಗುವ ಹುಡುಗಿಯೊಬ್ಬಳು ದೊರೆಗೆ ಎದುರು ನಿಲ್ಲುತ್ತಾಳೆ.

ಪುಣ್ಯಕೋಟಿಯನ್ನು, ಹರಿಶ್ಚಂದ್ರನನ್ನು ಪಠ್ಯದಿಂದ ಕಿತ್ತೆಸೆಯಿರಿ ಎಂಬುದು ನನ್ನ ವಾದವಲ್ಲ. ಕಿತ್ತೆಸೆದರೆ ಆ ಜಾಗಕ್ಕೆ ಬರುವುದು ಇನ್ನೂ ಕೆಟ್ಟದ್ದಾಗಿರಬಹುದು. ಕೈಬಿಟ್ಟದ್ದನ್ನು ವಾಪಸು ತನ್ನಿ ಎನ್ನುತ್ತೇನೆ. ಹರಿಶ್ಚಂದ್ರನ ಪಾಠ ಮಾಡುವ ಮೇಷ್ಟ್ರುಗಳು ಆ ಇಬ್ಬರು ಹಾಡುಗಾರ್ತಿಯರ ಪ್ರಶ್ನೆಯನ್ನು ಮಕ್ಕಳ ಮುಂದಿಡಲಿ. ಉತ್ತರವನ್ನು ತಾವು ಹೇಳದೆ ಮಕ್ಕಳಿಂದಲೇ ಕೇಳಲಿ. ಕಿಂದರಿಜೋಗಿ ಮುಗಿದ ಮೇಲೆ ಕೂಲಿಯ ಲೆಕ್ಕ ಮಾಡಿಸಲಿ. ನಮ್ಮ ಬರಹಗಾರರು ಎಂಟು ವರ್ಷದವರಿಗಾಗಿ, ಕೇರಿಯ ಮಾತಿನಲ್ಲಿ, ನಗಿಸುತ್ತಾ ಬರೆಯುವುದನ್ನು ಚಳವಳಿಯ ಕೆಲಸವೆಂದೇ ತಿಳಿಯಲಿ. ಆಗ ಕ್ಲಾಸಿನಲ್ಲಿ ಪಾಠ ಓದುವಾಗ ಹಿಂದಿನ ಸಾಲಿನ ಮಗು ತಲೆ ತಗ್ಗಿಸದೆ ತನ್ನ ಪಾಳಿಗಾಗಿ ಕಾಯುತ್ತದೆ.